ಭೂಮಿಕಾ ಕಂಬ ತಪ್ಪಿದ ಮಳೆಗಾಲ

ಒದ್ದೆ ಮಣ್ಣಿನ ಮೇಲೆ ಸುಣ್ಣದ ಪುಡಿ ಬಿದ್ದರೆ ಒಂದು ವಾಸನೆ ಏಳುತ್ತದೆ. ಮೊದಲು ಮೂಗಿಗೆ ಚುರುಕ್ಕೆನ್ನುತ್ತದೆ, ಆಮೇಲೆ ಗಂಟಲಲ್ಲಿ ಹೋಗಿ ಕೂರುತ್ತದೆ. ಮೊನ್ನೆ ಚಂದ್ರಾ ಲೇಔಟಿನ ಮೈದಾನದಲ್ಲಿ ವಲಯ ಮಟ್ಟದ ಖೋ ಖೋ ಪಂದ್ಯಕ್ಕೆ ಗೆರೆ ಹಾಕಿಸುತ್ತಾ ನಿಂತಿದ್ದಾಗ ಆ ವಾಸನೆ ಬಂತು. ಇಪ್ಪತ್ತೆರಡು ವರ್ಷದಿಂದ ಪಿಟಿ ಮಿಸ್ ಆಗಿರುವ ನನಗೆ ಅದೇನೂ ಹೊಸದಲ್ಲ. ಆದರೂ ಈಚೆಗೆ ಅದು ಮೂಗಿಗೆ ಬಡಿದ ಕೂಡಲೇ ನನ್ನ ಕಣ್ಣು ತಾನಾಗಿ ಹುಡುಗಿಯರ ಮುಖದ ಮೇಲೆ ಹೋಗುತ್ತದೆ. ಯಾರ ಮುಖ ಊದಿದೆ, ಯಾರ ರೆಪ್ಪೆ ದಪ್ಪಗಾಗಿದೆ, ಯಾರು ಹಣೆ ಒತ್ತಿಕೊಳ್ಳುತ್ತಿದ್ದಾರೆ ಎಂದು ಒಬ್ಬೊಬ್ಬರನ್ನೇ ನೋಡುತ್ತೇನೆ. "ಹಂಗ್ ನೋಡ್ಬೇಡಿ ಮಿಸ್, ಭಯ ಆಗುತ್ತೆ" ಅನ್ನುತ್ತಾರೆ. ಆಗಲಿ ಬಿಡಿ. ಒಂದು ಮಳೆಗಾಲ ನಾನು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಿದ್ದೆ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಶಾಲೆ ಇರುವುದು ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಎರಡು ಕ್ರಾಸ್ ಒಳಗೆ. ಮೈದಾನ ಎಂದು ನಾವು ಕರೆಯುವ ಜಾಗ ಹಿಂದೆ ಯಾರದೋ ರಾಗಿ ಹೊಲವಾಗಿತ್ತಂತೆ. ಈಗ ಮೂರು ಕಡೆ ಮನೆಗಳ ಹಿಂಗೋಡೆ, ಒಂದು ಕಡೆ ಶಾಲೆ. ಅಷ್ಟರಲ್ಲೇ ಎರಡು ಕಂಬ ನೆಟ್ಟು ಖೋ ಖೋ ಆಡಿಸುತ್ತಿದ್ದೆ. ಆ ವರ್ಷ ಜೂನ್ ಕೊನೆಗೆ ಹಿಡಿದ ಮಳೆ ಬಿಡಲೇ ಇಲ್ಲ. ಬೆಳಿಗ್ಗೆ ಏಳೂವರೆಗೆ ಪ್ರಾಕ್ಟೀಸ್. ತಾಯಂದಿರು ಕೊಡೆ ಹಿಡಿದು ಗೇಟಿನಲ್ಲಿ ನಿಂತು ಗೊಣಗುತ್ತಿದ್ದರು. ನಾನು ಸೀಟಿ ಊದುವುದನ್ನು ನಿಲ್ಲಿಸುತ್ತಿರಲಿಲ್ಲ. ನಮ್ಮ ಶಾಲೆ ವಲಯ ಮಟ್ಟದಲ್ಲಿ ಒಂದು ಸಲವೂ ಮೊದಲ ಸುತ್ತು ದಾಟಿರಲಿಲ್ಲ. ಈ ಸಲ ದಾಟಿಸಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದೆ. ಆ ಹಟಕ್ಕೆ ಕಾರಣ ಭೂಮಿಕಾ.

ಆರನೇ ಕ್ಲಾಸಿನ ಹುಡುಗಿ, ಹನ್ನೊಂದು ವರ್ಷ, ಕಡ್ಡಿ ಹಾಗಿದ್ದಳು. ಅವಳಪ್ಪ ನಾಗರಾಜಣ್ಣನದು ಮೇನ್ ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ. ಇದು ಹಳ್ಳಿಯಾಗಿದ್ದ ಕಾಲದಿಂದಲೂ ಇಲ್ಲೇ ಇರುವ ಮನೆತನ. ಈ ಹುಡುಗಿ ಕಂಬ ಹಿಡಿದು ತಿರುಗಿದಳು ಅಂದರೆ ಅಟ್ಟಿಸಿಕೊಂಡು ಬಂದವಳು ಎಲ್ಲಿದ್ದೀನಿ ಅಂತ ತಾನೇ ಹುಡುಕಿಕೊಳ್ಳಬೇಕು, ಅಂಥ ಓಟ. ಒಂಬತ್ತನೇ ಕ್ಲಾಸಿನವರಿಗೂ ಅವಳನ್ನು ಮುಟ್ಟಲಾಗುತ್ತಿರಲಿಲ್ಲ. ಆದರೆ ಜಾರುವ ನೆಲ, ದಿನಕ್ಕೆರಡು ಸಲ ಬಿದ್ದು ಎರಡೂ ಮಂಡಿ ತರಚಿಕೊಂಡಳು. ಜುಲೈಯಲ್ಲಿ ಆ ಗಾಯ ಕೀವಾಯಿತು. ಒದ್ದೆ ಮಣ್ಣು, ಒದ್ದೆ ಸಾಕ್ಸು, ಒಣಗುವುದೆಲ್ಲಿಂದ ಬಂತು? "ಅರಿಶಿನ ಹಚ್ಕೊಳ್ಳೇ, ಹೋಗುತ್ತೆ" ಎಂದೆ ನಾನು. ಹತ್ತು ಹನ್ನೆರಡು ದಿನ ರಸಿ ಸೋರಿ ಆಮೇಲೆ ಹಕ್ಕಳೆ ಕಟ್ಟಿತು. ನಾನು ಮರೆತೆ. ಆಟದವರಿಗೆ ಗಾಯ ಯಾವ ಲೆಕ್ಕ?

ಆಗಸ್ಟ್ ಎರಡನೇ ವಾರ. ಪಂದ್ಯಕ್ಕೆ ಇನ್ನೊಂದು ವಾರ ಇತ್ತು. ಭೂಮಿಕಾಳನ್ನು ಬಿಡಲು ಬರುತ್ತಿದ್ದ ಅಜ್ಜಿ ಪುಟ್ಟಮ್ಮ ಗೇಟಿನಲ್ಲಿ ನನ್ನನ್ನು ನಿಲ್ಲಿಸಿ, "ನೋಡಿ ಮಿಸ್ಸು, ನಿಮ್ಮ ಆಟದಿಂದ ನಮ್ಮುಡುಗಿ ಮೈಕೈ ತುಂಬ್ಕೊಂಡವಳೆ. ಕೆನ್ನೆ ನೋಡಿ ಹೆಂಗಾಗವೆ!" ಎಂದರು. ನೋಡಿದೆ. ನಿಜ, ಮುಖ ದುಂಡಗಾಗಿತ್ತು. ಕಣ್ಣು ಸ್ವಲ್ಪ ಸಣ್ಣಗೆ ಕಾಣುತ್ತಿತ್ತು. ಬೆಳಿಗ್ಗೆ ಹೊತ್ತು ಹಾಗೆ, ಸಂಜೆಗೆ ಇಳಿಯುತ್ತದೆ ಎನ್ನುವುದನ್ನು ನಾವಿಬ್ಬರೂ ಗಮನಿಸಲಿಲ್ಲ. "ದೃಷ್ಟಿ ತೆಗೀರಿ ಅಜ್ಜಿ" ಎಂದೆ ನಾನು, ಹಲ್ಲು ಬಿಟ್ಟುಕೊಂಡು. ಹೊಗಳಿಕೆ ಯಾರಿಗೆ ಬೇಡ?

ಮಾರನೇ ದಿನ ಪ್ರಾಕ್ಟೀಸ್ ನಡುವೆ ಅವಳು ಬಂದು ಹಣೆ ಹಿಡಿದುಕೊಂಡು ನಿಂತಳು.

"ಮಿಸ್, ತಲೆ ನೋಯ್ತಾ ಇದೆ. ಒಂಥರಾ ಸುತ್ತುತ್ತೆ."

"ಬೆಳಿಗ್ಗೆ ತಿಂದ್ಯಾ?"

"ಅರ್ಧ ಇಡ್ಲಿ."

"ಮತ್ತೆ? ಲೋ ಬಿಪಿ ಕಣೇ ಅದು. ಬಾ ಇಲ್ಲಿ."

ನಮ್ಮ ಕಡೆ ಯಾರಿಗೆ ತಲೆ ಸುತ್ತಿದರೂ ಪಕ್ಕದಲ್ಲಿ ನಿಂತವರು ಹಿಂದೆ ಮುಂದೆ ನೋಡದೆ ಹೇಳುವುದು ಅದೊಂದೇ, ಲೋ ಬಿಪಿ. ಬಸ್ಸಿನಲ್ಲಿ, ಮದುವೆ ಛತ್ರದಲ್ಲಿ, ಬ್ಯಾಂಕಿನ ಕ್ಯೂನಲ್ಲಿ, ಎಲ್ಲಿ ನೋಡಿದರೂ ಅದೇ. ಅಳೆಯುವ ಮಾತೇ ಇಲ್ಲ. ತಕ್ಷಣ ಉಪ್ಪು ಹಾಕಿದ ನಿಂಬೆಹಣ್ಣಿನ ನೀರು. ನಾನಂತೂ ಆ ಗುಂಪಿನ ಲೀಡರ್. ನನ್ನ ಆಟದ ಕೋಣೆಯಲ್ಲಿ ಚೆಂಡಿಲ್ಲದ ದಿನ ಇರಬಹುದು, ನಿಂಬೆಹಣ್ಣು ಮತ್ತು ಉಪ್ಪಿನ ಡಬ್ಬ ಇಲ್ಲದ ದಿನ ಇರಲಿಲ್ಲ. ಬಿಸಿಲಲ್ಲಿ ಅಸೆಂಬ್ಲಿ ನಿಂತು ಕುಸಿದ ಎಷ್ಟೋ ಮಕ್ಕಳು ಅದನ್ನು ಕುಡಿದು ಎದ್ದು ಓಡಿಹೋಗಿದ್ದರು. ಹಾಗಾಗಿ ನನಗೆ ನನ್ನ ವೈದ್ಯದ ಮೇಲೆ ಭಾರಿ ನಂಬಿಕೆ. ಒಂದು ದೊಡ್ಡ ಲೋಟ ಕುಡಿಸಿದೆ, ಚಮಚ ತುಂಬಾ ಉಪ್ಪು ಹಾಕಿ. ಅವಳು ಮುಖ ಕಿವುಚಿದಳು. "ಕುಡಿ, ಶಕ್ತಿ ಬರುತ್ತೆ" ಎಂದು ಗದರಿಸಿದೆ. ಮೂರು ದಿನ ಹೀಗೇ ನಡೆಯಿತು, ದಿನಕ್ಕೆರಡು ಲೋಟ. ಮನೆಯಲ್ಲೂ ಕೊಡಿ ಎಂದು ಅವಳ ಡೈರಿಯಲ್ಲಿ ಬರೆದೂ ಕಳಿಸಿದೆ. ಗುರುವಾರ ಅವಳು ಮೈದಾನದ ಮೂಲೆಯಲ್ಲಿ ವಾಂತಿ ಮಾಡಿಕೊಂಡಳು. ಮನೆಯವರು ಹತ್ತಿರದ ಕ್ಲಿನಿಕ್ಕಿಗೆ ತೋರಿಸಿದರು. ಗ್ಯಾಸ್ಟ್ರಿಕ್ ಇರಬಹುದು ಎಂದು ಮಾತ್ರೆ ಕೊಟ್ಟು ಕಳಿಸಿದರಂತೆ. ಅಲ್ಲೂ ಯಾರೂ ಅವಳ ತೋಳಿಗೆ ಪಟ್ಟಿ ಕಟ್ಟಿ ನೋಡಿರಲಿಲ್ಲ. ಮಕ್ಕಳಿಗೆಲ್ಲಿಯ ಬಿಪಿ ಎನ್ನುವುದು ಎಲ್ಲರ ಲೆಕ್ಕಾಚಾರ.

ಶುಕ್ರವಾರ ಮಧ್ಯಾಹ್ನ ಸ್ಟಾಫ್ ರೂಮಿಗೆ ಅವಳನ್ನು ಕರೆದುಕೊಂಡು ಹೋದೆ, ಮಲಗಿಸೋಣ ಎಂದು. ಅಲ್ಲಿ ಗಣಿತದ ಮೂರ್ತಿ ಸಾರ್ ಇದ್ದರು. ರಿಟೈರ್ ಆಗಲು ಎರಡು ವರ್ಷ ಬಾಕಿ. ಅವರ ಬ್ಯಾಗಿನಲ್ಲಿ ಜಾಮೆಟ್ರಿ ಬಾಕ್ಸ್ ಇದ್ದ ಹಾಗೆ ಒಂದು ಬಿಪಿ ಮೆಷಿನ್ ಸದಾ ಇರುತ್ತಿತ್ತು. ಎಂಟನೇ ಬಿ ಸೆಕ್ಷನ್ನಿನ ಪಾಠ ಮುಗಿಸಿ ಬಂದ ಕೂಡಲೇ ಕುರ್ಚಿಯಲ್ಲಿ ಕೂತು ತೋಳಿಗೆ ಪಟ್ಟಿ ಸುತ್ತಿಕೊಂಡು, "ನೂರಾ ನಲವತ್ತೆರಡು. ಇವತ್ತು ಪರವಾಗಿಲ್ಲ, ಮಕ್ಕಳು ಕರುಣೆ ತೋರಿಸಿದಾರೆ" ಎಂದು ಘೋಷಿಸುವುದು ಅವರ ದಿನಚರಿ.

"ಸಾರ್, ಇವಳದ್ದೊಂದು ನೋಡಿ. ಎಷ್ಟು ಇಳಿದಿದೆ ಅಂತ ಗೊತ್ತಾಗ್ಲಿ" ಎಂದೆ. ನನಗೆ ಬೇಕಿದ್ದದ್ದು ನನ್ನ ಲೋ ಬಿಪಿಗೆ ಒಂದು ಸಾಕ್ಷಿ, ಅಷ್ಟೆ.

ಪಟ್ಟಿ ಅವಳ ತೋಳಿಗೆ ಎರಡು ಸುತ್ತು ಬಂದು ಇನ್ನೂ ಉಳಿಯಿತು. ಭುಜದಿಂದ ಮೊಣಕೈವರೆಗೂ ಮುಚ್ಚಿಕೊಂಡಿತು. ಸಡಿಲವಾಗಿದೆ ಎಂದು ನಾನು ಕೈಯಿಂದ ಹಿಡಿದುಕೊಂಡೆ. ಮೆಷಿನ್ ಗುಂಯ್‌ಗುಟ್ಟಿ, ಉಸಿರು ಬಿಟ್ಟು, ಅಂಕಿ ತೋರಿಸಿತು. ನೂರಾ ಐವತ್ತೆರಡು, ಕೆಳಗೆ ತೊಂಬತ್ತೆಂಟು.

"ಅಯ್ಯೋ, ನನಗಿಂತ ಸೀನಿಯರ್ರು!" ಎಂದರು ಮೂರ್ತಿ ಸಾರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ಇವತ್ತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಪಟ್ಟಿ ದೊಡ್ಡವರದ್ದು ಕಣ್ರೀ, ಈ ಸಣ್ಣ ತೋಳಿಗೆ ತಪ್ಪು ತಪ್ಪಾಗೇ ತೋರ್ಸುತ್ತೆ. ಗಣಿತದಲ್ಲಿ ಅಳತೆಗೋಲೇ ತಪ್ಪಾದ್ರೆ ಉತ್ತರ ಎಲ್ಲಿ ಸರಿಯಾಗುತ್ತೆ?" ಎಂದು ಸಾರ್ ಮೆಷಿನ್ ಮಡಚಿದರು. ಎಲ್ಲರಿಗೂ ಸರಿ ಅನ್ನಿಸಿತು. ನಾನು ಹುಡುಗಿಗೆ ಇನ್ನೊಂದು ಲೋಟ ಉಪ್ಪಿನ ನೀರು ಕುಡಿಸಿ ಮನೆಗೆ ಕಳಿಸಿದೆ.

ಶನಿವಾರ ಮಳೆ ನಿಂತಿತ್ತು. ಪಂದ್ಯ ಸೋಮವಾರ. ಕೊನೆಯ ಪ್ರಾಕ್ಟೀಸ್ ಎಂದು ಎಂಟು ಗಂಟೆಗೆಲ್ಲ ಹೊಸದಾಗಿ ಗೆರೆ ಹಾಕಿಸಿದ್ದೆ. ಭೂಮಿಕಾ ಬಂದಳು. ಬರಬೇಡ ಎಂದು ಅವಳಮ್ಮ ಲತಾ ಹೇಳಿದ್ದರಂತೆ, ಕೇಳಿರಲಿಲ್ಲ. ನಾನು ಸೀಟಿ ಊದಿದೆ. ಓಡಿದಳು. ಕಣ್ಣು ಕಟ್ಟಿ ಬಿಟ್ಟರೂ ಕಂಬ ಹಿಡಿದು ತಿರುಗುವ ಹುಡುಗಿ, ಕಂಬದಿಂದ ಒಂದು ಗಜ ಈಚೆಗೇ ಕೈ ಚಾಚಿ ಗಾಳಿ ಹಿಡಿದು ಮುಗ್ಗರಿಸಿ ಬಿದ್ದಳು. ಬೇರೆ ಹುಡುಗಿಯರು ಕಿಸಕ್ಕೆಂದರು. ಬೈಯಲೆಂದೇ ಹತ್ತಿರ ಹೋದೆ.

"ಮಿಸ್, ಎರಡು ಕಂಬ ಇದೆ ಅಲ್ಲಿ."

"ಏನ್ ತಮಾಷೆನಾ?"

"ಇಲ್ಲ ಮಿಸ್. ಎರಡೆರಡು ಕಾಣ್ತಿದೆ. ಎಲ್ಲಾ ಮಂಜು ಮಂಜು." ಅವಳು ನನ್ನ ಮುಖದ ಕಡೆ ನೋಡುತ್ತಿರಲಿಲ್ಲ, ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿದ್ದಳು.

ಅವಳನ್ನು ಎತ್ತಿಕೊಂಡೇ ಸ್ಟಾಫ್ ರೂಮಿಗೆ ಓಡಿದೆ. "ಮೆಷಿನ್ ತೆಗೀರಿ ಸಾರ್!" ಎಂದು ಕೂಗಿದ ದನಿಗೆ ಮೂರ್ತಿ ಸಾರ್ ಎದ್ದೇ ನಿಂತರು. ಅದೇ ಪಟ್ಟಿ, ಅದೇ ಸಡಿಲ. ನೂರಾ ಅರವತ್ತಾರು, ನೂರಾ ಎಂಟು. ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದರೂ ಹೆಚ್ಚು ಕಡಿಮೆ ಅಷ್ಟೇ. ತಪ್ಪಾದ ಮೆಷಿನ್ ಸಲಕ್ಕೊಂದು ಸುಳ್ಳು ಹೇಳಬೇಕು. ಇದು ಎರಡು ದಿನದಿಂದ ಒಂದೇ ಮಾತು ಹೇಳುತ್ತಿದೆ, ನಾವೇ ಕಿವಿಗೆ ಹಾಕಿಕೊಂಡಿಲ್ಲ ಎನ್ನುವುದು ಆಗ ತಲೆಗೆ ಹೋಯಿತು.

ಹೆಡ್ ಮಿಸ್ ಬಂದು, "ಪೇರೆಂಟ್ಸ್‌ಗೆ ಫೋನ್ ಮಾಡ್ಸಿದೀನಿ ಶೈಲಜಾ, ಬರ್ಲಿ ಇರಿ. ನಾವಾಗೇ ಕರ್ಕೊಂಡ್ ಹೋಗಿ ಹೆಚ್ಚು ಕಮ್ಮಿ ಆದ್ರೆ?" ಎಂದರು.

"ಇಲ್ಲೇ ಕೂತು ಹೆಚ್ಚು ಕಮ್ಮಿ ಆದ್ರೆ ಮೇಡಂ?" ಎಂದೆ. ಅಷ್ಟು ಹೇಳಿ ಹೊರಗೆ ನಡೆದುಬಿಟ್ಟೆ. ಅವರಪ್ಪನಿಗೆ ಸೀದಾ ಆಸ್ಪತ್ರೆಗೆ ಬರಲು ಹೇಳಿ ಎಂದು ಮೂರ್ತಿ ಸಾರಿಗೆ ಕೂಗಿ, ಗೇಟಿನ ಮುಂದೆ ನಿಂತಿದ್ದ ಆಟೋ ಹತ್ತಿದೆ. ರಾಜಾಜಿನಗರದ ಕಡೆ ಮಕ್ಕಳ ವಿಭಾಗ ಚೆನ್ನಾಗಿರುವ ಆಸ್ಪತ್ರೆ ಒಂದಿತ್ತು, ಅಲ್ಲಿಗೆ.

ಕಾಮಾಕ್ಷಿಪಾಳ್ಯ ದಾಟುವ ಹೊತ್ತಿಗೆ ಅವಳ ಕೈ ನನ್ನ ಮಡಿಲಲ್ಲಿ ಅದುರತೊಡಗಿತು. ಆಮೇಲೆ ಇಡೀ ಮೈ. ಕಣ್ಣು ಮೇಲಕ್ಕೆ ಹೋಯಿತು. ಫಿಟ್ಸ್. ಅವಳನ್ನು ಪಕ್ಕಕ್ಕೆ ಹೊರಳಿಸಿ, ತಲೆ ನನ್ನ ತೊಡೆಯ ಮೇಲಿಟ್ಟು, ಕಾಲರ್ ಗುಂಡಿ ಬಿಚ್ಚಿದೆ. ಬಾಯಿಗೆ ಏನೂ ತುರುಕಬಾರದು ಎಂದು ಎಂದೋ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕಲಿತದ್ದು ದೇವರ ದಯೆಯಿಂದ ನೆನಪಿತ್ತು. ಅಷ್ಟರಲ್ಲಿ ಆಟೋ ಗಕ್ಕನೆ ನಿಂತಿತು. ಸಿಗ್ನಲ್ ಇರಬೇಕು ಎಂದುಕೊಂಡರೆ ಇಲ್ಲ. ಆಟೋ ಅಣ್ಣ ಎಂಜಿನ್ ಆಫ್ ಮಾಡಿ, ಕೀ ಕಿತ್ತು, ಹಿಂದಕ್ಕೆ ತಿರುಗಿ ಆ ಕೀಗೊಂಚಲನ್ನು ಚಾಚುತ್ತಿದ್ದಾರೆ!

"ತಗೊಳ್ಳಿ ಮೇಡಂ, ಕಬ್ಬಿಣ ಕೈಗಿಡಿ, ಕಬ್ಬಿಣ! ತಕ್ಷಣ ನಿಲ್ಲುತ್ತೆ!"

"ಅಯ್ಯೋ ನಿಮ್ಮ ತಲೆ! ಆ ಕೀನ ಗಾಡಿಗೆ ಹಾಕ್ರೀ! ಗಾಡಿ ಬಿಡ್ರೀ!"

ಹಿಂದೆ ಬಸ್ಸು, ಟೆಂಪೋ, ಇಡೀ ಮಾಗಡಿ ರಸ್ತೆ ಹಾರ್ನ್ ಬಡಿಯುತ್ತಿತ್ತು. ಪಾಪ, ಆ ಮನುಷ್ಯನಿಗೆ ಗಡಿಬಿಡಿಯಲ್ಲಿ ಕೀ ಹಾಕುವ ತೂತೇ ಸಿಗುತ್ತಿರಲಿಲ್ಲ. ಅವರದ್ದೇನು ತಪ್ಪು? ಮಗು ಉಳಿಯಲಿ ಎಂದೇ ಅವರು ಕೀ ಕಿತ್ತದ್ದು. ಮಗುವಿಗೆ ಶಕ್ತಿ ಬರಲಿ ಎಂದೇ ನಾನು ಉಪ್ಪು ಕಲಸಿದ್ದು. ಗಾಡಿ ಹೊರಟಿತು. ಉಳಿದ ದಾರಿಯಲ್ಲಿ ಅವರು ಒಂದು ಸಿಗ್ನಲ್ಲಿಗೂ ನಿಲ್ಲಲಿಲ್ಲ.

ತುರ್ತು ವಿಭಾಗದಲ್ಲಿ ಅವಳನ್ನು ನನ್ನ ತೋಳಿನಿಂದ ಕಿತ್ತುಕೊಂಡ ಹಾಗೆ ಎತ್ತಿಕೊಂಡರು. ಇಂಜೆಕ್ಷನ್ ಕೊಟ್ಟು ಫಿಟ್ಸ್ ನಿಲ್ಲಿಸಿದರು. ಮಕ್ಕಳ ಡಾಕ್ಟರ್ ಒಬ್ಬರು ಬಂದರು. ಗಿಡ್ಡಗೆ, ಕನ್ನಡಕ, ನನ್ನ ಹಳೆಯ ಶಿಷ್ಯೆಯರ ವಯಸ್ಸಿನವರು. ನಾನು ಬಿಪಿಯ ಅಂಕಿಗಳನ್ನು ಒದರಿದೆ. ಅವರು ಬೇರೆಯವರ ಹಾಗೆ ನಗಲಿಲ್ಲ. ಗೋಡೆಗೆ ತೂಗುಹಾಕಿದ್ದ ಬೇರೆ ಬೇರೆ ಅಳತೆಯ ಪಟ್ಟಿಗಳಲ್ಲಿ ಎರಡನ್ನು ತೋಳಿಗೆ ಹಿಡಿದು ನೋಡಿ, ಸರಿಯಾದದ್ದನ್ನು ಕಟ್ಟಿ, ಎರಡು ಸಲ ಅಳೆದರು. ನೂರಾ ಎಂಬತ್ತೆರಡು, ನೂರಾ ಇಪ್ಪತ್ತು.

"ನಮ್ಮ ಮೆಷಿನ್ ತಪ್ಪು ತೋರ್ಸಿತ್ತು, ಪಟ್ಟಿ ದೊಡ್ಡದು ಅಂತ..." ಎಂದು ತೊದಲಿದೆ.

"ತಪ್ಪೇ ತೋರ್ಸಿದೆ ಮೇಡಂ, ಆದ್ರೆ ಇನ್ನೊಂದ್ ಕಡೆಗೆ. ಪಟ್ಟಿ ದೊಡ್ಡದಾದ್ರೆ ಬಿಪಿ ಇರೋದಕ್ಕಿಂತ ಕಮ್ಮಿ ತೋರ್ಸುತ್ತೆ. ಚಿಕ್ಕದಾದ್ರೆ ಜಾಸ್ತಿ ತೋರ್ಸುತ್ತೆ. ನಿಮಗೆ ನೂರೈವತ್ತು ಬಂದಾಗ ಈ ಮಗುಗೆ ಅದಕ್ಕಿಂತ ಮೇಲಿತ್ತು."

ಆ ಮಾತು ನನ್ನ ಕಪಾಳಕ್ಕೆ ಬಿದ್ದ ಹಾಗಿತ್ತು. ಶುಕ್ರವಾರದ ನಗು ಕಿವಿಯಲ್ಲೇ ಇತ್ತು. ಅಷ್ಟರಲ್ಲಿ ನಾಗರಾಜಣ್ಣ, ಲತಾ, ಹಿಂದೆ ಅಜ್ಜಿ ಓಡಿಬಂದರು. ಡಾಕ್ಟರ್ ಹುಡುಗಿಯ ಮಂಡಿಯ ಕಲೆಗಳನ್ನು ಬೆರಳಿನಿಂದ ಮುಟ್ಟಿ, "ಇದು ಯಾವಾಗಿಂದು?" ಎಂದರು. ಮೂರು ವಾರದ ಹಿಂದೆ ಕೀವಾಗಿತ್ತು ಎಂದೆ. ಮುಖ ಊದಿದ್ದು ಯಾವಾಗ? ಅಜ್ಜಿ ಮೈಕೈ ತುಂಬ್ಕೊಂಡವಳೆ ಎಂದ ದಿನವನ್ನು ನಾನೇ ಹೇಳಿದೆ. ಮೂತ್ರ ಯಾವ ಬಣ್ಣ ಇತ್ತು? ಯಾರಿಗೂ ಗೊತ್ತಿರಲಿಲ್ಲ. ಮೂತ್ರ ತೆಗೆಯಲು ಕ್ಯಾಥೆಟರ್ ನಳಿಕೆ ಹಾಕಿದಾಗ ಬಂದದ್ದನ್ನು ನೋಡಿದೆವು, ಕಾಫಿ ಡಿಕಾಕ್ಷನ್ ಬಣ್ಣ.

"ಚರ್ಮದ ಗಾಯದಲ್ಲಿ ಸೋಂಕಾಗಿ, ಮೂರ್ನಾಲ್ಕು ವಾರ ಆದ್ಮೇಲೆ ಕೆಲವು ಸಲ ಅದರ ಪೆಟ್ಟು ಕಿಡ್ನಿಗೆ ಬೀಳುತ್ತೆ" ಎಂದರು ಡಾಕ್ಟರ್. "ಕಿಡ್ನಿ ಊದ್ಕೊಂಡು ಉಪ್ಪು, ನೀರು ಹೊರಗೆ ಹಾಕೋದಿಲ್ಲ. ಒಳಗೇ ನಿಲ್ಲುತ್ತೆ. ಅದಕ್ಕೇ ಮುಖ ಊದೋದು, ಬಿಪಿ ಏರೋದು. ಏರಿ ಏರಿ ಮೆದುಳಿಗೆ ತಾಗಿದೆ. ಎರಡೆರಡು ಕಂಡಿದ್ದು, ಫಿಟ್ಸ್ ಬಂದಿದ್ದು ಎಲ್ಲಾ ಅದರಿಂದ. ಈ ವಾರ ಏನೇನು ಕೊಟ್ಟಿದೀರ, ಊಟ, ಔಷಧಿ, ಎಲ್ಲಾ ಹೇಳಿ."

ಲತಾ ಗ್ಯಾಸ್ಟ್ರಿಕ್ ಮಾತ್ರೆಯ ಹೆಸರು ಹೇಳಿದರು. ಉಪ್ಪಿನ ನೀರಿನ ಮಾತು ನಾನು ಹೇಳದೆ ಇದ್ದರೂ ನಡೆಯುತ್ತಿತ್ತು, ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಕೆಲಸ ಹೋಗುತ್ತದೆ ಎಂದು ನನ್ನೊಳಗೆ ಯಾರೋ ಪಿಸುಗುಟ್ಟಿದರು. ಹೋಗಲಿ ಎಂದುಕೊಂಡೆ.

"ಉಪ್ಪು ಹಾಕಿದ ನಿಂಬೆ ನೀರು ಕೊಟ್ಟಿದೀನಿ ಡಾಕ್ಟ್ರೇ. ನಾನೇ. ನಾಲ್ಕು ದಿನ, ದಿನಕ್ಕೆರಡು ಲೋಟ, ಲೋಟಕ್ಕೆ ಒಂದೊಂದು ಚಮಚ ಉಪ್ಪು. ಮನೇಲೂ ಕೊಡಿ ಅಂತ ಡೈರಿಲಿ ಬರೆದೆ. ಲೋ ಬಿಪಿ ಅಂದ್ಕೊಂಡೆ."

ನಾಗರಾಜಣ್ಣ ನನ್ನ ಕಡೆ ತಿರುಗಿದ ರೀತಿ ನನಗಿನ್ನೂ ನೆನಪಿದೆ. "ನೀವೇನು ಮಿಸ್ಸಾ, ಡಾಕ್ಟ್ರಾ? ನಿಮಗ್ಯಾರು ಹೇಳಿದ್ದು ಇದನ್ನೆಲ್ಲಾ ಮಾಡಿ ಅಂತ?" ಎಂದು ಕೂಗಿದರು. ನಾನು ತಲೆ ಬಗ್ಗಿಸಲಿಲ್ಲ. ತಪ್ಪಾಯ್ತು ಎಂದೆ. ಡಾಕ್ಟರ್ ನಡುವೆ ಬಂದರು. "ಕಾಯಿಲೆ ಉಪ್ಪಿನಿಂದ ಬಂದಿದ್ದಲ್ಲ. ಉಪ್ಪು ಅದನ್ನ ಜಾಸ್ತಿ ಮಾಡಿರುತ್ತೆ. ಇವರು ಹೇಳಿದ್ದು ಒಳ್ಳೇದಾಯ್ತು, ಈಗ ಎಷ್ಟು ನೀರು ತೆಗೀಬೇಕು ಅಂತ ಅಂದಾಜಾಗುತ್ತೆ. ಜಗಳ ಆಮೇಲೆ ಆಡಿ."

ಹುಡುಗಿಯನ್ನು ಐಸಿಯುಗೆ ಹಾಕಿದರು. ಬಿಪಿ ಇಳಿಸುವ ಔಷಧಿ ಡ್ರಿಪ್ಪಿನಲ್ಲಿ, ನೀರು ಇಳಿಸಲು ಇಂಜೆಕ್ಷನ್. ಗಂಟೆ ಕಳೆಯಿತು. ನೂರಾ ಎಪ್ಪತ್ತು. ನಾಗರಾಜಣ್ಣನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಯಾರೋ ನೆಂಟರು ಫೋನಿನಲ್ಲಿ ಹೇಳಿದ್ದನ್ನೇ ಹಿಡಿದು ಅವರು, "ನಾಲಿಗೆ ಕೆಳಗೆ ಒಂದು ಮಾತ್ರೆ ಇಟ್ರೆ ಹತ್ತು ನಿಮಿಷದಲ್ಲಿ ನಾರ್ಮಲ್ ಆಗುತ್ತಂತಲ್ಲ ಡಾಕ್ಟ್ರೇ, ಅದ್ಯಾಕೆ ಮಾಡ್ತಿಲ್ಲ?" ಎಂದು ಕೇಳಿದರು.

"ಅಷ್ಟು ಬೇಗ ಇಳಿಸಿದ್ರೆ ಮೆದುಳಿಗೆ ರಕ್ತ ಸಾಲದೆ ಬೇರೆ ಅನಾಹುತ ಆಗುತ್ತೆ. ಕಣ್ಣೇ ಹೋಗಬಹುದು. ಐದನೇ ಮಹಡಿಯಿಂದ ಇಳಿಯೋಕೆ ಮೆಟ್ಟಿಲೇ ಬೇಕು ಸಾರ್, ಹಾರೋ ಹಾಗಿಲ್ಲ. ಇಳಿಸಬೇಕಾದ್ದರಲ್ಲಿ ಮೊದಲ ಎಂಟು ಗಂಟೇಲಿ ಕಾಲು ಭಾಗ ಮಾತ್ರ. ಮಿಕ್ಕಿದ್ದು ಇವತ್ತು ನಾಳೆ, ಬೇಕಾದ್ರೆ ನಾಡಿದ್ದು."

ಆ ಕಾಯುವಿಕೆ ನನಗೆ ಕಲಿಸಿದ್ದನ್ನು ಬೇರೆ ಯಾವುದೂ ಕಲಿಸಿಲ್ಲ. ನಾನು ಬದುಕಿಡೀ ಬೇಗ ಬೇಗ ಎಂದು ಸೀಟಿ ಊದಿದವಳು. ಇಲ್ಲಿ ಒಬ್ಬ ಸಣ್ಣ ಪ್ರಾಯದ ಹೆಂಗಸು, ಎಲ್ಲರೂ ಬೇಗ ಬೇಗ ಎಂದು ಜಗ್ಗುತ್ತಿದ್ದರೂ ಜಗ್ಗದೆ, ಹದಿನೈದು ನಿಮಿಷಕ್ಕೊಮ್ಮೆ ಅಳೆದು, ಡ್ರಿಪ್ಪನ್ನು ಒಂದು ಚೂರು ಏರಿಸಿ ಒಂದು ಚೂರು ಇಳಿಸುತ್ತಿದ್ದರು. ಒಮ್ಮೆ ಬಿಪಿ ತುಸು ಜೋರಾಗಿ ಇಳಿದಾಗ ತಾವೇ ಔಷಧಿ ಕಡಿಮೆ ಮಾಡಿದರು. ನನ್ನ ಮನೆಯವರು ಟಿಫನ್ ತಂದುಕೊಟ್ಟರು, ಮುಚ್ಚಳ ತೆಗೆಯಲಿಲ್ಲ. ನಾಗರಾಜಣ್ಣ ಮನೆಗೆ ಹೋಗಿ ಎಂದರು, ಹೋಗಲಿಲ್ಲ. ಬೈಯಬೇಕಾದರೆ ಬೈಯಿರಿ, ಇಲ್ಲೇ ಕೂರುತ್ತೇನೆ ಎಂದೆ.

ಭಾನುವಾರ ಮಧ್ಯಾಹ್ನ ನೂರಾ ನಲವತ್ತಕ್ಕೆ ಬಂತು. ಸಂಜೆ ಭೂಮಿಕಾ ಕಣ್ಣು ಬಿಟ್ಟಳು. ಡಾಕ್ಟರ್ ಎರಡು ಬೆರಳು ತೋರಿಸಿ ಎಷ್ಟು ಎಂದರು. "ಎರಡು" ಎಂದಳು. ಒಂದು ಬೆರಳು ತೋರಿಸಿದರು. "ಒಂದು" ಎಂದಳು, ಇದೇನು ಯುಕೆಜಿ ಪ್ರಶ್ನೆ ಎನ್ನುವ ಮುಖ ಮಾಡಿ. ಲತಾ ನನ್ನ ತೋಳು ಹಿಡಿದುಕೊಂಡು ಗಳಗಳ ಅತ್ತರು. ನಾನೂ ಅತ್ತೆ, ನಾಚಿಕೆ ಬಿಟ್ಟು, ದನಿ ತೆಗೆದು ಅತ್ತೆ. ಸೋಮವಾರ ಟೀಮನ್ನು ಮೂರ್ತಿ ಸಾರ್ ಕರೆದುಕೊಂಡು ಹೋದರು. ಮೊದಲ ಸುತ್ತಿನಲ್ಲೇ ಸೋತರು. ಯಾವ ಬೇಜಾರೂ ಆಗಲಿಲ್ಲ.

ಒಂಬತ್ತು ದಿನಕ್ಕೆ ಅವಳು ಮನೆಗೆ ಬಂದಳು. ಉಪ್ಪಿಲ್ಲದ ಊಟ, ಅಳತೆಯ ನೀರು, ದಿನಕ್ಕೆರಡು ಮಾತ್ರೆ, ವಾರಕ್ಕೊಂದು ತಪಾಸಣೆ. ಉಪ್ಪಿನಕಾಯಿ ಇಲ್ಲದೆ ಅನ್ನ ಮುಟ್ಟದ ಅಜ್ಜಿ, ಮೊಮ್ಮಗಳ ಜೊತೆಗೆ ತಾವೂ ಸಪ್ಪೆ ಸಾರು ಕಲಸಿಕೊಂಡು ಉಂಡರು. ಇತ್ತ ನಾನು ಹೆಡ್ ಮಿಸ್ ಕೋಣೆಗೆ ದಿನಾ ಹೋಗಿ ನಿಲ್ಲತೊಡಗಿದೆ. ಶಾಲೆಗೊಂದು ಬಿಪಿ ಮೆಷಿನ್ ಬೇಕು, ಮೂರು ಅಳತೆಯ ಪಟ್ಟಿ ಬೇಕು. "ಮಕ್ಕಳ ಶಾಲೆ ಶೈಲಜಾ ಇದು, ವೃದ್ಧಾಶ್ರಮ ಅಲ್ಲ" ಎಂದರು ಒಂದು ದಿನ. ಮಾರನೇ ದಿನವೂ ಹೋದೆ. ಅದರ ಮಾರನೇ ದಿನವೂ. ಕೊನೆಗೆ ನನ್ನ ಮುಖ ನೋಡಿ ಬೇಜಾರಾಗಿಯೇ ತರಿಸಿಕೊಟ್ಟರು ಎಂದು ಕಾಣುತ್ತದೆ. ಆ ಡಾಕ್ಟರ್ ಹತ್ತಿರ ಎರಡು ಶನಿವಾರ ಹೋಗಿ ಕಲಿತೆ. ಓಡಿ ಬಂದ ಮಗುವಿಗೆ ಅಳೆಯಬಾರದು, ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ. ಜಾಸ್ತಿ ಬಂದರೆ ಗಾಬರಿ ಬೇಡ, ಮತ್ತೆ ಅಳೆ. ಮತ್ತೂ ಜಾಸ್ತಿ ಇದ್ದರೆ ನಗಬೇಡ, ಡಾಕ್ಟರಿಗೆ ತೋರಿಸು. ಅದರ ಜೊತೆಗೆ ತಲೆನೋವು, ವಾಂತಿ, ಕಣ್ಣು ಮಂಜು ಇದ್ದರೆ ಯಾರಿಗೂ ಕಾಯಬೇಡ, ಹೊರಡು. ಮೂರ್ತಿ ಸಾರ್ ಕೂಡ ನನ್ನ ಹತ್ತಿರ ಪಾಠ ಹೇಳಿಸಿಕೊಂಡರು. "ಅವತ್ತು ಅಳತೆಗೋಲು ತಪ್ಪು ಅಂದೆ. ಎಷ್ಟು ತಪ್ಪು, ಯಾವ ಕಡೆಗೆ ತಪ್ಪು ಅಂತ ಕೇಳ್ಬೇಕಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದೀನಿ ಕಣಮ್ಮ" ಎಂದು ಕನ್ನಡಕ ಒರೆಸಿಕೊಂಡರು.

ನವೆಂಬರಿನಲ್ಲಿ ಭೂಮಿಕಾಳ ಮಾತ್ರೆ ನಿಂತಿತು. ಬಿಪಿ ನೂರಾ ನಾಲ್ಕು. ಕಿಡ್ನಿ ಚೇತರಿಸಿಕೊಂಡಿದೆ, ಆಡಬಹುದು, ಆದರೆ ವರ್ಷ ವರ್ಷ ತೋರಿಸುತ್ತಿರಬೇಕು ಎಂದರು ಡಾಕ್ಟರ್. ಮಾರನೇ ದಿನ ಅವಳು ನನ್ನ ಆಟದ ಕೋಣೆಗೆ ಬಂದು ಬೆಂಚಿನ ಮೇಲೆ ಕೂತಳು. ಮುಖ ಮತ್ತೆ ಮೊದಲಿನಂತೆ ಸಣ್ಣಗಾಗಿತ್ತು. ಎಷ್ಟು ದಿನದಿಂದಲೋ ಒಳಗೆ ಕೊರೆಯುತ್ತಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಅಲ್ವೇ ಭೂಮಿ, ಮೂತ್ರ ಅಷ್ಟು ಕಪ್ಪಗೆ ಹೋಗ್ತಿದ್ದದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು ಮಿಸ್. ಒಂದು ವಾರದಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ? ಅಮ್ಮಂಗಾದ್ರೂ?"

ಅವಳು ಬೆಂಚಿನ ಅಂಚು ಕೆರೆಯತೊಡಗಿದಳು. "ಅಮ್ಮಂಗೆ ಹೇಳಿದ್ರೆ ನಿಮಗೆ ಹೇಳ್ತಿದ್ರು. ನೀವೇ ಹೇಳಿದ್ರಲ್ಲ ಮಿಸ್, ಹುಷಾರಿಲ್ಲ ಅಂತ ಬಾಯಿ ಬಿಟ್ಟವರು ಮಾರನೇ ದಿನ ಟೀಮಲ್ಲಿ ಇರಲ್ಲ ಅಂತ. ತಲೆನೋವು ತಡ್ಕೊಳಕ್ಕೇ ಆಗ್ಲಿಲ್ಲ, ಅದಕ್ಕೆ ಅದೊಂದು ಹೇಳ್ದೆ. ಮಿಕ್ಕಿದ್ದೆಲ್ಲ ಹೇಳ್ಲಿಲ್ಲ."

ಹೇಳಿದ್ದೆ. ಪ್ರತಿ ವರ್ಷ ಜುಲೈಯಲ್ಲಿ, ಟೀಮು ಆರಿಸಿದ ದಿನ, ಸೊಂಟದ ಮೇಲೆ ಕೈ ಇಟ್ಟುಕೊಂಡು ಹೇಳುತ್ತಿದ್ದೆ. ಮಕ್ಕಳು ಗಟ್ಟಿಯಾಗುತ್ತಾರೆ ಎಂದು ನಂಬಿದ್ದೆ. ಉಪ್ಪಿನ ನೀರಿನ ತಪ್ಪನ್ನು ಎಲ್ಲರ ಎದುರು ಒಪ್ಪಿಕೊಂಡು ಹಗುರಾಗಿದ್ದ ನನಗೆ, ನಿಜವಾದ ತಪ್ಪು ಅದಲ್ಲ ಎಂದು ಆ ಬೆಂಚಿನ ಹತ್ತಿರ ಗೊತ್ತಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಅಸೆಂಬ್ಲಿಯಲ್ಲಿ, ಪ್ರಾರ್ಥನೆ ಮುಗಿದ ಮೇಲೆ, ಹೆಡ್ ಮಿಸ್ ಅನ್ನೂ ಕೇಳದೆ ಮೈಕ್ ತೆಗೆದುಕೊಂಡೆ. "ನಾನು ಇಷ್ಟು ವರ್ಷ ನಿಮಗೆಲ್ಲ ಒಂದು ತಪ್ಪು ರೂಲ್ ಹೇಳ್ಕೊಟ್ಟಿದೀನಿ" ಎಂದೆ. "ಇವತ್ತಿಂದ ಅದು ಕ್ಯಾನ್ಸಲ್. ಹುಷಾರಿಲ್ಲ ಅಂತ ಬಂದು ಹೇಳಿದವರನ್ನ ಟೀಮಿಂದ ತೆಗೆಯಲ್ಲ. ಅವರ ಜಾಗ ಅವರಿಗೇ ಇರುತ್ತೆ, ವಾಸಿಯಾಗಿ ಬರೋವರೆಗೂ ಇರುತ್ತೆ. ಹೇಳದೆ ಮುಚ್ಚಿಟ್ಟವರನ್ನ ಮಾತ್ರ ನಾನು ಬಿಡಲ್ಲ. ಅಷ್ಟೇ. ಕ್ಲಾಸಿಗೆ ಹೋಗಿ."

ಸಾಲುಗಳು ಕ್ಲಾಸಿನ ಕಡೆ ಹೊರಟವು. ನಾನು ಸೀಟಿ, ಮೈಕಿನ ವೈರು ಎಲ್ಲ ಸುತ್ತಿಕೊಂಡು ಆಟದ ಕೋಣೆಯ ಕಡೆ ಬಂದೆ. ಮುಚ್ಚಿದ ಬಾಗಿಲ ಮುಂದೆ ನನ್ನ ಹನ್ನೆರಡು ಜನರ ಟೀಮಿನಲ್ಲಿ ಏಳು ಹುಡುಗಿಯರು ಸಾಲಾಗಿ ನಿಂತಿದ್ದರು. ಒಬ್ಬಳು ಮೊಣಕೈ ಹಿಡಿದುಕೊಂಡಿದ್ದಳು. ನಾನು ಬೀಗ ತೆಗೆದು, ಮೊದಲನೆಯವಳನ್ನು ಒಳಗೆ ಕರೆದು ಕೂರಿಸಿದೆ.